ಮೊದಲು ನಗುವವನು

ಫೆಬ್ರವರಿ 10, ಮಂಗಳವಾರ

ಮಹಾಸ್ವಾಮಿ, ನಾನು ಅಪರಾಧಿ. ಈ ಪುಟವೇ ಕಟಕಟೆ, ಈ ಪೆನ್ನೇ ಪೊಲೀಸು. ಪಾಂಡವಪುರ ತಾಲ್ಲೂಕು ಕಲ್ಕೊಪ್ಪಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕನ್ನಡ ಶಿಕ್ಷಕ, ಎಂ.ಎ., ಬಿ.ಎಡ್., ತಿಮ್ಮರಾಜು ಎಂಬ ನಾನು ಇಂದು ಬಿಸಿಯೂಟದ ಬಳಿಕ, ಸ್ವಸ್ಥ ಚಿತ್ತದಿಂದಲೂ ಅಸ್ವಸ್ಥ ಹೊಟ್ಟೆಯಿಂದಲೂ, ಸರ್ಕಾರವು ಏಳನೇ ತರಗತಿಯ ರಂಜಿತಳಿಗೆಂದು ಬೇಯಿಸಿದ್ದ ಒಂದು ಮೊಟ್ಟೆಯನ್ನು ಕದ್ದು ತಿಂದೆ. ಉಪ್ಪನ್ನೂ ಹಾಕಿಕೊಂಡೆ. ಅಪರಾಧ ಬ್ರಹ್ಮಾಂಡದಷ್ಟಲ್ಲ, ಬರೀ ಅಂಡದಷ್ಟು. ಆದರೂ ಅಪರಾಧವೇ.

ಸಿಪ್ಪೆಯನ್ನು ಸೀಮೆಸುಣ್ಣದ ಖಾಲಿ ಡಬ್ಬಕ್ಕೆ ತುಂಬಿ ಬೀರುವಿನ ಮೇಲಿಟ್ಟೆ. ಬಿಳಿಯೊಳಗೆ ಬಿಳಿ ಸೇರಿತು, ದೇವರಿಗೂ ಪತ್ತೆಯಾಗದು.

ಸಮರ್ಥನೆ ಏನೆಂದರೆ, ಹುಡುಗಿ ಒಂದು ವಾರದಿಂದ ಶಾಲೆಗೆ ಬಂದಿಲ್ಲ. ಅವಳ ಮೊಟ್ಟೆ ಮಾತ್ರ ತಪ್ಪದೆ ಹಾಜರಾಗುತ್ತಿದೆ. ಬೆಳಿಗ್ಗೆ ಹಸು ಕರೆದು, ಹಾಲನ್ನು ಡೈರಿಗೆ ಹಾಕಿ, ಅಲ್ಲಿಂದ ಓಡಿ ಬರುವ ಹುಡುಗಿ ಅದು. (ಅವಳು ಹಾಕುವುದೂ ಡೈರಿಗೆ, ನಾನು ಹಾಕುವುದೂ ಡೈರಿಗೆ, ಅವಳದರಲ್ಲಿ ನೀರು ಕಡಿಮೆ.) ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಲಂಗಕ್ಕೆ ಸಗಣಿ ಮೆತ್ತಿಕೊಂಡೇ ತರಗತಿಗೆ ಬಂದಳು. ನಾನು ಪುಸ್ತಕ ಮುಚ್ಚಿ, "ಎಲ್ಲರೂ ಎದ್ದು ನಿಲ್ಲಿ, ಗೋಮಾತೆ ದಯಮಾಡಿಸಿದ್ದಾಳೆ" ಎಂದೆ. ಹಿಂದಿನ ಬೆಂಚಿನಿಂದ ಯಾವನೋ "ಅಂಬಾ" ಎಂದ. ಆಮೇಲೆ ಇಡೀ ತರಗತಿ "ಅಂಬಾ" ಎಂದಿತು. ರಂಜಿತಳೂ ನಕ್ಕಳು. ಅಂದಿನಿಂದ ಅವಳು ಬಾಗಿಲಿಗೆ ಬಂದರೆ ಅಂಬಾ, ಎದ್ದು ಉತ್ತರ ಹೇಳಿದರೆ ಅಂಬಾ. ಬರೀ ಗತಿಯಿದ್ದ ತರಗತಿಗೆ ತರತರದ ಕಳೆ ಬಂತು.

ಹೆಸರಿಡುವುದು ನನಗೆ ಒಲಿದ ಕಲೆ. ಏಳನೆಯವರ ಬೀಳ್ಕೊಡುಗೆಯ ದಿನ ಪ್ರತಿ ಮಗುವಿಗೂ ಒಂದೊಂದು ಬಿರುದು ಕೊಡುವ ಪದ್ಧತಿಯನ್ನು ಈ ಶಾಲೆಗೆ ತಂದವನೇ ನಾನು. ಊರಿನವರು ಅದನ್ನು ಕೇಳಲೆಂದೇ ಬರುತ್ತಾರೆ. ಹಳೆಯ ಹುಡುಗರು ಮದುವೆಗೆ ಕರೆಯಲು ಬಂದಾಗ, "ಸಾ, ನಾನು ಆಮೆ ಎಕ್ಸ್‌ಪ್ರೆಸ್ಸು" ಎಂದೇ ಪರಿಚಯ ಹೇಳಿಕೊಳ್ಳುತ್ತಾರೆ. ಇಷ್ಟು ವರ್ಷಗಳಲ್ಲಿ ನಾನಿಟ್ಟ ಹೆಸರಿಗೆ ಒಬ್ಬರೂ ಮುಖ ಊದಿಸಿಕೊಂಡಿಲ್ಲ. ನನಗೇ ಯಾರಾದರೂ ಹೆಸರಿಟ್ಟರೂ ಮೊದಲು ನಗುವವನು ನಾನೇ. ಬೇಕಾದರೆ ಇಲ್ಲೇ ರುಜು ಹಾಕುತ್ತೇನೆ.

ಹಾಕಿದ್ದೇನೆ.

ಫೆಬ್ರವರಿ 13, ಶುಕ್ರವಾರ

ನಮ್ಮ ಮುಖ್ಯ ಶಿಕ್ಷಕಿ ಪ್ರಮೀಳಾ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕನ್ನಡಕದ ಮೇಲಿಂದ ನೋಡಿದರೆ ಮಾತ್ರ ನನ್ನ ಅಜ್ಜಿ. "ಸಾರ್, ನೀವು ಕ್ಲಾಸ್ ಟೀಚರು. ರಂಜಿತ ಮನೆಗೆ ಒಂದ್ಸಲ ಹೋಗ್ಬನ್ನಿ. ಪರೀಕ್ಷೆ ಬರೀದೆ ಹೋದ್ರೆ ಅಲ್ಲಿಗೆ ಓದು ನಿಲ್ಲಿಸಿಬಿಡ್ತಾರೆ. ಅವರಕ್ಕಂದೂ ಹಿಂಗೇ ಆಗಿದ್ದು" ಎಂದರು.

ಹೋದೆ. ಅಜ್ಜಿ ಮಂಚಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಾಯಿ ಲತ ಒಳಗೆ ಒಲೆಯ ಮುಂದೆ.

"ಉಸಾರಿಲ್ಲ ಕಣ್ ಮೇಷ್ಟ್ರೇ. ಒಟ್ಟೆನೋವು."

"ವಾರದಿಂದಲೂ ಹೊಟ್ಟೆನೋವೇ ಅಜ್ಜಿ?"

"ಬೆಳಿಗ್ಗೆ ಬತ್ತದೆ. ಇಸ್ಕೂಲ್ ಬುಡೋ ಒತ್ಗೆ ಓಯ್ತದೆ."

ನೋವಿಗೂ ವೇಳಾಪಟ್ಟಿ ಇರುವುದನ್ನು ನಾನು ಮೊದಲ ಸಲ ಕೇಳಿದೆ. ಕೊಟ್ಟಿಗೆಯಲ್ಲಿ ಹುಡುಗಿಯ ಲಂಗದ ತುದಿ ಕಾಣುತ್ತಿತ್ತು. ವಾತಾವರಣ ತಿಳಿಯಾಗಲಿ ಎಂದು, "ಏನವ್ವಾ ಗೋಮಾತೆ, ಭಕ್ತ ಬಂದಿದ್ದೀನಿ, ದರ್ಶನ ಕೊಡು" ಎಂದೆ. ಲಂಗ ಒಳಕ್ಕೆ ಸರಿಯಿತು. ನಿಜವಾದ ಹಸುವೊಂದು ಅಂಬಾ ಎಂದಿತು. ಸಮಯಸ್ಫೂರ್ತಿ ಅಂದರೆ ಅದು. ನಾನೊಬ್ಬನೇ ನಕ್ಕೆ.

ಮಂಚಮ್ಮ ಸುಲಿಯುವುದನ್ನು ನಿಲ್ಲಿಸಿ, "ಕಾಪಿ ಕುಡ್ದು ಒಂಡಿ" ಎಂದಳು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ವಯಸ್ಸಾಯಿತು, ಪಾಪ, ಮರೆತಿದ್ದಾಳೆ.

ವಾಪಸು ಬರುವಾಗ ಅರಳಿಕಟ್ಟೆಯ ಪಡ್ಡೆಹುಡುಗರು, ನಮ್ಮ ಶಾಲೆ ಬಿಟ್ಟು ಎಷ್ಟೋ ವರ್ಷವಾದವರು, ನನ್ನ ಬೆನ್ನಿಗೆ ಅಂಬಾ ಎಂದರು. ನನ್ನ ಕೃತಿ ಆಗಲೇ ಜನಪದವಾಗಿದೆ. ಕೈಯೆತ್ತಿ ಆಶೀರ್ವಾದ ಮಾಡಿ ಬಂದೆ.

ಫೆಬ್ರವರಿ 25, ಬುಧವಾರ

ವರ್ಷದ ಕೊನೆ ಎಂದರೆ ಇಲಾಖೆಗೆ ವಸಂತ. ಆ್ಯಪ್ ಚಿಗುರುತ್ತದೆ, ಲಿಂಕ್ ಹೂ ಬಿಡುತ್ತದೆ. ನಾವು ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕ್ ಹತ್ತುತ್ತೇವೆ. ಆ ಕಡೆ ಕ್ರಷರ್ ಕಲ್ಲು ಪುಡಿ ಮಾಡುತ್ತಿರುತ್ತದೆ, ಈ ಕಡೆ ನಾವು ಕಾಗುಣಿತವನ್ನು. ಇಬ್ಬರಿಂದಲೂ ಏಳುವುದು ಧೂಳೇ. ಇಷ್ಟು ವರ್ಷ ಕಲಿಸಿದೆ, ಯಾರು ಏನು ಕಲಿತರೋ.

ಬೀರುವಿನ ಮೇಲಿದ್ದ ಸೀಮೆಸುಣ್ಣದ ಡಬ್ಬ ಕಾಣುತ್ತಿಲ್ಲ. ಗುಡಿಸುವವರು ಎಸೆದಿರಬೇಕು. ಸಾಕ್ಷ್ಯ ನಾಶವಾಯಿತು, ಆರೋಪಿ ಖುಲಾಸೆ.

ರಂಜಿತ ಬಂದಿಲ್ಲ.

ಮಾರ್ಚ್ 4, ಬುಧವಾರ

ಸಂಜೆ ಡೈರಿಯ ಪಕ್ಕದ ಸಿದ್ದರಾಮುವಿನ ಟೀ ಅಂಗಡಿಯಲ್ಲಿ ನಿಂತಿದ್ದೆ. ಲತಳ ತಮ್ಮ ನಿಂಗರಾಜು ಶೀಳನೆರೆಯಿಂದ ಬೈಕಿನಲ್ಲಿ ಬಂದಿಳಿದ.

"ಏನ್ಲಾ, ಅಪ್ರೂಪುಕ್ ಬಂದ್ಬುಟ್ಟೆ" ಎಂದ ಸಿದ್ದರಾಮು.

"ಅಕ್ಕನ ಮಗಳ ಕರ್ಕೊಂಡೋಗವ ಅಂತ ಕಣ್ಲಾ. ಮನೇಲಿ ಅಸಗೂಸು, ಎತ್ಕೊಳ್ಳಕೆ ಒಬ್ರು ಬೇಕು. ಎಂಗೂ ಇಸ್ಕೂಲ್ಗೆ ಓಯ್ತಾ ಇಲ್ವಲ್ಲ ಅವ್ಳು."

"ಓದು?" ಎಂದು ನಾನು ಕೇಳಿದೆ.

"ಪರೀಕ್ಸೆ ಬರದ್ರೆ ಎಂಟಕ್ಕೆ ಚಿನಕುರಳಿ ಐಸ್ಕೂಲ್ಗೆ ಕಳುಸ್ತೀನಿ ಅಂತಾವ್ಳೆ ನಮ್ಮಕ್ಕ. ಬರೀನಿಲ್ಲ ಅಂದ್ರೆ ನಮ್ಮೂರ್ಗೆ. ಆಮ್ಯಾಕೆ ಓದೋದು ಬುಡೋದು ನೋಡುವ ಬುಡಿ."

ಆಗಲೇ ರಂಜಿತ ಹಾಲಿನ ಕ್ಯಾನು ಹಿಡಿದು ಬಂದಳು. ಅರಳಿಕಟ್ಟೆಯಿಂದ ಅಂಬಾ ಎಂದು ಕೂಗು ಬಂತು. ಅವಳು ಬೀದಿ ಬಿಟ್ಟು ಡೈರಿಯ ಹಿಂಬದಿಯಿಂದ ಸುತ್ತಿಕೊಂಡು ಹೋದಳು. ಸಿದ್ದರಾಮು ಹಲ್ಲು ಬಿಟ್ಟು, "ಎಲ್ಲಾ ನಿಮ್ದೇ ಪೇಟೆಂಟು ಮೇಷ್ಟ್ರೇ" ಎಂದ. ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಕಲಾವಿದನಿಗೆ ಇಷ್ಟಾದರೂ ಗೌರವವಿದೆ.

ಆದರೆ ಬೆಳಿಗ್ಗೆ ಪ್ರಮೀಳಾ ಮೇಡಂ ಹೇಳಿದ್ದು ಇನ್ನೂ ಅರಗಿಲ್ಲ. ಅವರೇ ಅವಳ ಮನೆಗೆ ಹೋಗಿದ್ದರಂತೆ. "ನೀವು ಕ್ಲಾಸಲ್ಲಿ ಇಲ್ದಿದ್ರೆ ಬರ್ತೀನಿ ಅಂತಾಳೆ ಸಾರ್."

ನಾನು! ಕೋಲು ಮುಟ್ಟದ ಮೇಷ್ಟ್ರು, ಕಿವಿ ಹಿಂಡದ ಮೇಷ್ಟ್ರು, ನಗಿಸಿ ನಗಿಸಿಯೇ ಸಂಧಿ ಸಮಾಸ ಹೇಳಿಕೊಟ್ಟವನು. ಹೊಡೆಯುವವರಿಗೆ ಹೆದರಿ ಶಾಲೆ ಬಿಟ್ಟ ಮಕ್ಕಳನ್ನು ಕಂಡಿದ್ದೇನೆ. ನಗಿಸುವವನಿಗೆ ಹೆದರುವ ಕಾಲವೂ ಬಂತು. ಇನ್ನು ಮೇಲೆ ತಮಾಷೆ ಮಾಡಲು ಬಿ.ಇ.ಓ. ಕಚೇರಿಯಿಂದ ಅನುಮತಿ ತರಬೇಕೇನೋ.

ಮಧ್ಯಾಹ್ನ ತರಗತಿಯಲ್ಲಿ ಘೋಷಿಸಿಯೇ ಬಿಟ್ಟೆ: "ಈ ಸಲ ಬೀಳ್ಕೊಡುಗೆಗೆ ನೀವೂ ನನಗೊಂದು ಬಿರುದು ಕೊಡಿ. ಎಂಥದ್ದಾದರೂ ಸರಿ. ಮೊದಲು ನಗುವವನು ನಾನೇ." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತರಗತಿಯ ನಾಯಕ ಕೃಷ್ಣ, "ನಿಜ್ವಾಗ್ಲೂ ಕೊಡ್ಬೋದಾ ಸಾ?" ಎಂದು ಎರಡೆರಡು ಸಲ ಕೇಳಿದ.

ಮಾರ್ಚ್ 14, ಶನಿವಾರ

ಬೀಳ್ಕೊಡುಗೆ ಮುಗಿಯಿತು.

ಶಾಮಿಯಾನ ಹಾಕಿಸಿದ್ದರು. ಮಕ್ಕಳು ಶಾಲೆಗೊಂದು ಗೋಡೆ ಗಡಿಯಾರ ಕೊಟ್ಟರು. ಪ್ರತಿ ವರ್ಷವೂ ಗಡಿಯಾರವೇ. ಶಾಲೆಯಲ್ಲಿ ಸಮಯಕ್ಕೆ ಕೊರತೆಯಿಲ್ಲ, ಒಂದೂ ಸರಿಯಾಗಿ ನಡೆಯುವುದಿಲ್ಲ ಅಷ್ಟೆ. ಕೇಸರಿಬಾತು ಚೆನ್ನಾಗಿತ್ತು. ಪ್ರಮೀಳಾ ಮೇಡಂ ಅದೇನು ಹೇಳಿ ಒಪ್ಪಿಸಿದ್ದರೋ, ರಂಜಿತ ಬಂದಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ಲಂಗ. ಹಿಂದಿನ ಸಾಲಿನಲ್ಲಿ ಅಜ್ಜಿಗೆ ಅಂಟಿಕೊಂಡು ಕೂತಿದ್ದಳು.

ಕಾರ್ಯಕ್ರಮಕ್ಕೆ ಮುಂಚೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಅವಳಿಗೆ ಏನೂ ಹೇಳ್ಬೇಡಿ" ಎಂದಿದ್ದರು. ಎಲ್ಲರಿಗೂ ಕೊಟ್ಟು ಅವಳೊಬ್ಬಳನ್ನು ಬಿಟ್ಟರೆ ಪಂಕ್ತಿಭೇದವಾಗುವುದಿಲ್ಲವೇ? ಅದಕ್ಕೇ ಗೌರವದ ಬಿರುದನ್ನೇ ಆರಿಸಿದ್ದೆ. ಮೈಕಿನಲ್ಲಿ ಕೂಗಿದೆ: "ಕ್ಷೀರಸಾಗರದಿಂದ ಎದ್ದು ಬಂದ ಕಲ್ಕೊಪ್ಪಲಿನ ಕಾಮಧೇನು, ಕುಮಾರಿ ರಂಜಿತ!"

ಮುಂದಿನ ಸಾಲಿನಿಂದ ಅಂಬಾ ಶುರುವಾಯಿತು. ಶಾಮಿಯಾನವೇ ಅಂಬಾ ಎಂದಿತು. ದೊಡ್ಡವರೂ ಸೇರಿಕೊಂಡರು. ರಂಜಿತ ಎದ್ದು ನಿಂತಳು. ವೇದಿಕೆಗೆ ಬರುತ್ತಾಳೆ ಅಂದುಕೊಂಡೆ. ಗೇಟಿನ ಕಡೆ ನಡೆದಳು, ಓಡಲಿಲ್ಲ. ಮಂಚಮ್ಮ ಅವಳ ಹಿಂದೆ ಹೊರಟವಳು ವೇದಿಕೆಯ ಮುಂದೆ ಒಂದು ಗಳಿಗೆ ನಿಂತಳು. "ಎತ್ತಾದ್ರೆ ಬಾಯ್ಗೆ ಕುಕ್ಕೆ ಕಟ್ಬೋದು ಮೇಷ್ಟ್ರೇ. ನಿಮಗೇನ್ ಕಟ್ಟದು?"

ಅದಕ್ಕೂ ಜನ ನಕ್ಕರು. ನಾನೂ ನಕ್ಕೆ. ಮುದುಕಿಯ ಮಾತಿಗೆ ಮೊನಚಿದೆ.

ಆಮೇಲೆ ಕೃಷ್ಣ ವೇದಿಕೆಗೆ ಬಂದ. "ಈಗ ನಮ್ಮ ಕನ್ನಡ ಮೇಷ್ಟ್ರಿಗೆ ಬಿರುದು" ಎಂದು ಬಣ್ಣದ ಕಾಗದ ಸುತ್ತಿದ ಉಡುಗೊರೆಯೊಂದನ್ನು ಕೈಗಿತ್ತ. ಬಿಚ್ಚಿದೆ. ಸೀಮೆಸುಣ್ಣದ ಡಬ್ಬ. ಒಳಗೆ ಒಣಗಿದ ಮೊಟ್ಟೆಯ ಸಿಪ್ಪೆ.

"ಮೊಟ್ಟೆ ಮೇಷ್ಟ್ರು!"

ಯಾವುದೋ ಚಿಕ್ಕ ಮಗು "ಕೊಕ್ಕೊಕ್ಕೋ" ಎಂದಿತು. ಆಮೇಲೆ ಎಲ್ಲರೂ. ಬಿಸಿಯೂಟ ಬೇಯಿಸುವ ಪುಟ್ಟಲಕ್ಷ್ಮಮ್ಮ ಸೆರಗು ಬಾಯಿಗೆ ಇಟ್ಟುಕೊಂಡು, "ನಾನ್ ಅವತ್ತೇ ನೋಡಿದ್ನಲ್ಲಾ" ಎಂದು ಪಕ್ಕದವಳ ತೊಡೆಗೆ ಹೊಡೆಯುತ್ತಿದ್ದಳು.

ನಾನು ನಕ್ಕೆ. ಫೋಟೋದಲ್ಲಿ ನೋಡಿದರೆ ನಗುತ್ತಿದ್ದೇನೆ.

ಮಾರ್ಚ್ 16, ಸೋಮವಾರ

ಸ್ವಲ್ಪ ಜ್ವರ. ರಜೆ ಹಾಕಿದೆ.

ಮಾರ್ಚ್ 17, ಮಂಗಳವಾರ

ಜ್ವರ ಬಿಟ್ಟಿಲ್ಲ. ಹೆಂಡತಿ ಜಯಲಕ್ಷ್ಮಮ್ಮ ಕಂಕುಳಿಗೆ ಥರ್ಮಾಮೀಟರ್ ಇಟ್ಟು ನೋಡಿ, "ಇದ್ರಲ್ಲಿ ಏನೂ ತೋರಿಸ್ತಿಲ್ವಲ್ಲ" ಎಂದಳು. ಚೀನಾ ಮಾಲು, ನಂಬುವ ಹಾಗಿಲ್ಲ.

ಸಂಜೆ ತರಕಾರಿ ತರಲು ಪಾಂಡವಪುರ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಕಲ್ಕೊಪ್ಪಲಿನ ಚೌಡಯ್ಯ ಕಂಡ. ಅವನು ನನ್ನನ್ನು ನೋಡಿದ, ಅಷ್ಟೆ. ಸೊಪ್ಪು ಕೊಳ್ಳದೆ ಬಂದೆ.

ಮಾರ್ಚ್ 20, ಶುಕ್ರವಾರ

ಯುಗಾದಿಯ ಮಾರನೆಯ ದಿನ, ಹೊಸತೊಡಕು. ಜಯಲಕ್ಷ್ಮಮ್ಮ ಬಿರಿಯಾನಿ ಮಾಡಿದ್ದಳು. ಮೇಲಿಟ್ಟ ಮೊಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟೆ.

"ಜ್ವರ ಅಂದೋರು ಚಾಪ್ಸ್ ಎರಡು ಸಲ ಹಾಕಿಸ್ಕೊಂಡ್ರಿ. ಮೊಟ್ಟೆ ಏನ್ ಮಾಡ್ತು ಪಾಪ?"

"ಉಷ್ಣ" ಎಂದೆ.

ಬಿಸಿಯೂಟದಲ್ಲಿ ನಾನು ತಿಂದದ್ದು ಒಂದೇ ಒಂದು ಮೊಟ್ಟೆ. ಒಂದು ಸಲದ ಹಸಿವಿಗೆ ಒಬ್ಬ ಮನುಷ್ಯನ ಇಡೀ ಹೆಸರನ್ನೇ ಬದಲಾಯಿಸುವುದು ಯಾವ ನ್ಯಾಯ? ಮಕ್ಕಳಿಗೆ ಅಳತೆಯೇ ಇಲ್ಲ. ಯಾರು ಕಲಿಸುತ್ತಾರೋ ಇದನ್ನೆಲ್ಲ.

ಮಾರ್ಚ್ 22, ಭಾನುವಾರ

ಪ್ರಮೀಳಾ ಮೇಡಂ ಫೋನ್ ಮಾಡಿದ್ದರು. ನಾಳೆ ಪರೀಕ್ಷೆ ಶುರು.

"ಹುಷಾರಾದ್ರಾ ಸಾರ್?"

"ಇನ್ನೂ ಬೆಳಿಗ್ಗೆ ಹೊತ್ತು ಸ್ವಲ್ಪ ಇದೆ ಮೇಡಂ. ಮಧ್ಯಾಹ್ನದ ಮೇಲೆ ಪರವಾಗಿಲ್ಲ."

"ಬೆಳಿಗ್ಗೆ ಹೊತ್ತು" ಎಂದು ಅವರೊಮ್ಮೆ ಹೇಳಿಕೊಂಡರು. ಆಮೇಲೆ, "ರಂಜಿತಳ ಮಾವ ನಾಳೆ ಸಂಜೆ ಬರ್ತಾನಂತೆ ಕರ್ಕೊಂಡು ಹೋಗೋಕೆ. ಪರೀಕ್ಷೆಗೆ ಬಂದ್ರೆ ಲತ ಕಳಿಸಲ್ಲ. ನಾನು ಎಷ್ಟು ಹೇಳಿದ್ರೂ ಆ ಮಗು ಹ್ಞೂಂ ಅಂತಿಲ್ಲ. ನೀವೇ ಒಂದು ಮಾತು ಹೇಳಿ ನೋಡಿ ಸಾರ್. ಹೇಳಬೇಕಾದೋರು ನೀವೇ ಅಲ್ವಾ" ಎಂದರು.

ಬೆಳಿಗ್ಗೆ ಬೇಗ ಹೋಗಬೇಕು. ಜನ ಏಳುವ ಮುಂಚೆ.

ಮಾರ್ಚ್ 23, ಸೋಮವಾರ

ಸ್ಕೂಟರನ್ನು ಊರಿನ ಹೊರಗೆ ಬಿಟ್ಟು ನಾಲೆ ಏರಿಯ ಮೇಲೆ ನಡೆದೆ. ಬೀದಿಗಿಂತ ಏರಿ ತಂಪು ಎಂಬ ಕಾರಣಕ್ಕೆ. ಅರ್ಧ ದಾರಿಯಲ್ಲಿ ಎದುರಿಗೆ ಯಾರೋ ಬಂದ ಹಾಗಾಯಿತು. ಕಬ್ಬಿನ ಗದ್ದೆಗೆ ಇಳಿದುಬಿಡೋಣ ಅನ್ನಿಸಿತು. ಎದುರಿಗೆ ಬರುತ್ತಿದ್ದವರೂ ನನ್ನನ್ನು ಕಂಡು ಇನ್ನೊಂದು ಬದಿಗೆ ಇಳಿಯಲು ಹೊರಟರು.

ರಂಜಿತ. ಕೈಯಲ್ಲಿ ಖಾಲಿ ಕ್ಯಾನು.

"ನಮಸ್ತೆ ಸಾ."

"ಈ ದಾರಿಲಿ ಯಾಕಮ್ಮ? ಡೈರಿಗೆ ಬೀದಿ ಹತ್ತಿರ ಅಲ್ವಾ?"

"ಬೀದೀಲಿ ಅರಳಿಕಟ್ಟೆಯವ್ರು ಇರ್ತಾರೆ ಸಾ."

ಇಬ್ಬರೂ ನಿಂತೆವು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು, "ಇವತ್ತು ಪರೀಕ್ಷೆ. ಬಾ" ಎಂಬುದಷ್ಟೇ.

"ನೀವ್ ಇರ್ತೀರಾ ಸಾ?"

"ಇರ್ತೀನಿ. ಬೇಡ ಅಂದ್ರೆ ಇರಲ್ಲ."

ಅವಳು ಕ್ಯಾನಿನ ಮುಚ್ಚಳ ತಿರುಗಿಸಿದಳು. "ನಿಮ್ಗೂ ಅಂಗೇ ಕೂಗ್ತಾರಂತಲ್ಲ."

"ಕೂಗ್ತಾರೆ."

"ಏನ್ ಮಾಡ್ತೀರಾ?"

"ನಗ್ತೀನಿ."

"ನಾನೂ ಮೊದ್ಲು ನಗ್ತಿದ್ದೆ ಸಾ" ಎಂದಳು.



ಆಮೇಲೆ ಅವಳೇ ಒಂದು ಉಪಾಯ ಹೇಳಿದಳು. "ಯೂನಿಫಾರಂ ಆಕ್ಕೊಂಡು ಡೈರಿ ಗೋಡೆ ತಾವ ನಿಂತಿರ್ತೀನಿ. ನೀವ್ ಬೀದೀಲಿ ಮುಂದೆ ಓಗಿ ಸಾ. ಅವ್ರು ನಿಮ್ಮನ್ನ ಕೂಗ್ಲಿ. ಕೂಗಿ ಸಾಕಾಯ್ತದಲ್ಲ, ಆಮ್ಯಾಕೆ ನಾನ್ ಬತ್ತೀನಿ."

"ಆಗಲಮ್ಮ" ಎಂದೆ. ಅವಳು ಓಡಿದಳು. ಎಷ್ಟೋ ದಿನದ ಮೇಲೆ ಅವಳು ಓಡಿದ್ದನ್ನು ಕಂಡೆ.

ಮುಂದಿನದನ್ನು ಚುಟುಕಾಗಿ ಬರೆಯುತ್ತೇನೆ. ಶಾಲೆಯ ಹೊತ್ತಿಗೆ ಬೀದಿಗೆ ಬಂದೆ. ಅರಳಿಕಟ್ಟೆಯಲ್ಲಿ ಊರಿನ ಪಡ್ಡೆಗಳೆಲ್ಲ ಜಮಾಯಿಸಿದ್ದರು. ನನ್ನನ್ನು ಕಂಡದ್ದೇ ಕೊಕ್ಕೋ ಎಂದು ಸುತ್ತುಗಟ್ಟಿದರು. ರಕ್ತದೊತ್ತಡದವನು ನಾನು. ಎದೆ ಹಿಡಿದಂತಾಯಿತು. ಹಿಂದಿರುಗುವುದಲ್ಲದೆ ಬೇರೆ ದಾರಿ ಇರಲಿಲ್ಲ. ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ರಂಜಿತ ಯೂನಿಫಾರಂ ಹಾಕಿಕೊಂಡು ಡೈರಿ ಗೋಡೆಯ ಪಕ್ಕ ನಿಂತಿದ್ದಳಂತೆ. ಪರೀಕ್ಷೆಯ ಗಂಟೆ ಹೊಡೆದ ಮೇಲೂ ನಿಂತೇ ಇದ್ದಳಂತೆ. ಒಳಗೆ ಕರೆದರೆ, "ಒಬ್ರು ಬರ್ಬೇಕು" ಎಂದಳಂತೆ.

"ಯಾರು ಅಂತ ಹೇಳಲಿಲ್ಲ ಸಾರ್" ಎಂದರು ಮೇಡಂ. ಹೇಳಿ ಫೋನ್ ಇಟ್ಟರು.

ಏಪ್ರಿಲ್ 10, ಶುಕ್ರವಾರ

ಇಂದು ಫಲಿತಾಂಶ. ವರ್ಷ ಮುಗಿಯಿತು. ಮಕ್ಕಳಿಗೆ ಅಂಕಪಟ್ಟಿ ಕೊಟ್ಟೆವು, ಎಲ್ಲರೂ ಪಾಸು. ಕೃಷ್ಣ ಕಾಲಿಗೆ ನಮಸ್ಕಾರ ಮಾಡಿ, "ಬೇಜಾರ್ ಮಾಡ್ಕೋಬೇಡಿ ಸಾ, ನೀವೇ ಕೇಳಿದ್ರಲ್ಲ ಅಂತ ಕೊಟ್ವಿ" ಎಂದ. "ಛೆ, ಬೇಜಾರೇ?" ಎಂದೆ. ಈಗ ಯಾರೂ ಕೊಕ್ಕೋ ಎನ್ನುವುದಿಲ್ಲ. ನಾಲ್ಕು ದಿನಕ್ಕೇ ಅವರಿಗೆ ಸಾಕಾಗಿತ್ತಂತೆ.

ಮಂಚಮ್ಮ ರಂಜಿತಳ ಟಿ.ಸಿ. ತೆಗೆದುಕೊಂಡು ಹೋಗಲು ಬಂದಿದ್ದಳು. ಹುಡುಗಿ ಶೀಳನೆರೆಯಲ್ಲಿ ಕೂಸು ಎತ್ತಿಕೊಂಡಿದ್ದಾಳೆ. "ಅಲ್ಲಿ ಇಸ್ಕೂಲ್ಗೆ ಸೇರುಸ್ತಾರಾ ಅಜ್ಜಿ?" ಎಂದು ಕೇಳಿದೆ. ಮುದುಕಿ ನನ್ನ ಕಡೆ ನೋಡದೆ ಹೆಬ್ಬೆಟ್ಟನ್ನು ಇಂಕಿಗೆ ಒತ್ತಿ, "ನೋಡುವ" ಎಂದಳು.

ಮೇಲಿನ ಒಂದು ಪುಟವನ್ನು ತಿದ್ದಬೇಕಾಗಿದೆ. ಹರಿದು ಹಾಕೋಣ ಎಂದುಕೊಂಡೆ, ಆಗಲಿಲ್ಲ.

ಅಂದು ಅರಳಿಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಸುತ್ತುಗಟ್ಟಿದರು ಎಂದು ಬರೆದದ್ದು ಸುಳ್ಳು. ಪರೀಕ್ಷೆಯ ದಿನ, ಮಕ್ಕಳೆಲ್ಲ ಶಾಲೆಯ ಒಳಗಿದ್ದರು. ಪಡ್ಡೆಗಳು ಕ್ರಷರ್ ಕೆಲಸಕ್ಕೆ ಹೋಗಿದ್ದರು. ಬೀದಿ ಖಾಲಿಯಿತ್ತು. ರಂಜಿತ ಗೋಡೆಯ ಪಕ್ಕದಿಂದ ಇಣುಕಿ ನೋಡುತ್ತಿದ್ದಳು, ನನ್ನನ್ನು ಕಂಡು ಕೈಯನ್ನೂ ಎತ್ತಿದಳು. ನಾನು ಸಿದ್ದರಾಮುವಿನ ಅಂಗಡಿಯವರೆಗೆ ಬಂದೆ. ಹಿಂದಿನಿಂದ "ಕೊಕ್ಕೊಕ್ಕೋ" ಎಂದು ಕೇಳಿತು. ಒಂದೇ ಒಂದು ದನಿ. ತಿರುಗಿಯೂ ನೋಡದೆ ಓಡಿದೆ. ಐವತ್ತು ದಾಟಿದ ಮೇಲೆ ಹಾಗೆ ಓಡಿದ್ದಿಲ್ಲ. ಅವಳು ಕೈ ಎತ್ತಿಕೊಂಡೇ ನಿಂತಿದ್ದಳು.

ಇವತ್ತು ಸಂಜೆ ಸಿದ್ದರಾಮುವಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾಗ ಹಿತ್ತಿಲಿನಿಂದ ಮತ್ತೆ ಅದೇ ದನಿ ಬಂತು. ಅರ್ಧ ಟೀ ಬಿಟ್ಟು ಲೋಟ ಕೆಳಗಿಟ್ಟೆ.

"ಯಾರದು?" ಎಂದೆ.

"ಯಾರು ಅಂದ್ರೆ?" ಸಿದ್ದರಾಮು ನನ್ನ ಮುಖವನ್ನೇ ನೋಡಿದ. "ನಮ್ ಕೋಳಿ ಕಣ್ ಮೇಷ್ಟ್ರೇ. ಮೊಟ್ಟೆ ಇಟ್ಬುಟ್ಟು ಕೂಗ್ತಾ ಅದೆ."